ಸುಮ್ನೆ ಕೂತವನ ಕಥೆ

ಯಾರೋ ಊಟಕ್ಕೆ ಕರೆಯುತ್ತಾರೆ. ಹೋಗುವ ಮನಸ್ಸಿಲ್ಲ. ಆಗ ನಾವೆಲ್ಲ ಏನು ಮಾಡುತ್ತೇವೆ? ಇಲ್ಲದ ಮದುವೆಯೊಂದನ್ನು ಹುಟ್ಟಿಸುತ್ತೇವೆ. ಗುಂಡುಕಲ್ಲಿನ ಹಾಗಿರುವ ಅತ್ತೆಗೆ ಜ್ವರ ಬರಿಸುತ್ತೇವೆ. ನಾನಂತೂ ಒಂದೇ ವರ್ಷದಲ್ಲಿ ಮೂರು ಸಲ ಮನೆಗೆ ಸುಣ್ಣ ಹೊಡೆಸಿದ್ದೇನೆ, ಬರೀ ಫೋನಿನಲ್ಲಿ.

ಇಂಗ್ಲೆಂಡಿನ ಹಾಸ್ಯನಟ ಪೀಟರ್ ಕುಕ್ ಈ ತಾಪತ್ರಯಕ್ಕೆ ಹೋಗಲಿಲ್ಲ. ಟಿವಿಯಲ್ಲಿ ದೊಡ್ಡ ಹೆಸರು ಮಾಡಿದ್ದ ಡೇವಿಡ್ ಫ್ರಾಸ್ಟ್ ಒಮ್ಮೆ ಫೋನ್ ಮಾಡಿ ಊಟಕ್ಕೆ ಕರೆದನಂತೆ. ಸಾಮಾನ್ಯ ಊಟವಲ್ಲ, ರಾಜಕುಮಾರ ಆಂಡ್ರ್ಯೂ ಬರುವ ಊಟ. ಕುಕ್ ನಿಧಾನವಾಗಿ ಡೈರಿಯ ಹಾಳೆ ತಿರುವಿದ. ಆಮೇಲೆ, "ಅಯ್ಯೋ, ಆವತ್ತು ರಾತ್ರಿ ನಾನು ಟಿವಿ ನೋಡ್ತಾ ಇರ್ತೀನಲ್ಲ" ಅಂದ.

ಈ ಕಥೆ ಓದಿದ ದಿನದಿಂದ ನನಗೆ ಆತನ ಮೇಲೆ ಒಂಥರಾ ಭಕ್ತಿ. ನಮ್ಮ ಮನೆಯಲ್ಲಿ "ಏನ್ ಮಾಡ್ತಿದ್ದೀರಿ?" ಅಂತ ಕೇಳಿದರೆ "ಸುಮ್ನೆ ಕೂತಿದ್ದೀನಿ" ಎಂಬುದು ಉತ್ತರವೇ ಅಲ್ಲ. ಹಾಗಂದ ಮರುಕ್ಷಣವೇ ಕೈಗೊಂದು ಚೀಲ ಬರುತ್ತದೆ, ಕೊತ್ತಂಬರಿ ಸೊಪ್ಪಿಗೆ. ಕುಕ್ ಮಾತ್ರ ಸುಮ್ನೆ ಕೂರುವುದನ್ನೇ ಕಸುಬು ಮಾಡಿಕೊಂಡ.

ನಿಜಕ್ಕೂ ಹಾಗೇ. ಆತನ ಹೆಸರಾಂತ ಪಾತ್ರ ಇ. ಎಲ್. ವಿಸ್ಟಿ ಮಾಡುವುದು ಅಷ್ಟೇ. ಮಾಸಲು ರೇನ್‌ಕೋಟು, ತಲೆ ಮೇಲೊಂದು ಟೋಪಿ, ಪಾರ್ಕಿನ ಬೆಂಚು. ಕಣ್ಣು ಮಿಟುಕಿಸದೆ ಎದುರಿಗೆ ನೋಡುತ್ತಾ ಒಂದೇ ರಾಗದಲ್ಲಿ ಮಾತಾಡುತ್ತಾನೆ. 1964ರಲ್ಲಿ ಟಿವಿಗೆ ಬಂದ ಈ ವಿಸ್ಟಿ ಇಡೀ ಜಗತ್ತನ್ನು ಆಳಲು ಒಂದು ಸಂಘ ಕಟ್ಟಿದ್ದಾನೆ. ಸಂಘದ ಮೊದಲ ಗುರಿ, 1958ರೊಳಗೆ ಪ್ರಪಂಚವನ್ನು ಪೂರ್ತಿ ವಶಕ್ಕೆ ತೆಗೆದುಕೊಳ್ಳುವುದು. ಗಡುವು ಮುಗಿದು ಆರು ವರ್ಷವಾಗಿದೆ. ವಿಸ್ಟಿಗೆ ಅದರ ಬಿಸಿ ತಟ್ಟಿಲ್ಲ. ಬೆಂಚಿನಿಂದ ಎದ್ದೂ ಇಲ್ಲ.

ಈ ದನಿ ಸಿಕ್ಕಿದ್ದು ಹಾಸ್ಟೆಲಿನ ಊಟದ ಮನೆಯಲ್ಲಿ. ಕುಕ್ ಹುಟ್ಟಿದ್ದು 1937ರಲ್ಲಿ, ಟಾರ್ಕಿ ಎಂಬ ಕಡಲ ತೀರದ ಊರಲ್ಲಿ. ಅಪ್ಪ ವಸಾಹತು ಸರ್ಕಾರದ ಅಧಿಕಾರಿ, ನೈಜೀರಿಯಾದಲ್ಲಿ ಕೆಲಸ. ಹುಡುಗನನ್ನು ರ‍್ಯಾಡ್ಲಿ ಎಂಬ ವಸತಿ ಶಾಲೆಗೆ ಸೇರಿಸಿದರು. ಅಲ್ಲಿ ಬಡಿಸುವವನೊಬ್ಬನಿದ್ದ. ಕಲ್ಲೊಂದನ್ನು ನೋಡುತ್ತಾ ನಿಂತು, ಅದು ಅಲುಗಾಡಿದ ಹಾಗೆ ಕಾಣಿಸಿತು ಎಂದು ಗಂಭೀರವಾಗಿ ಹೇಳುವ ಮನುಷ್ಯ. ಬೇರೆಯವರು ನಕ್ಕು ತಟ್ಟೆ ಎತ್ತಿಕೊಂಡು ಹೋದರು. ಕುಕ್ ಆ ದನಿಯನ್ನು ಹಿಡಿದುಕೊಂಡ, ಸಾಯುವವರೆಗೆ ಬಿಡಲಿಲ್ಲ. ಕಲ್ಲು ಅಲುಗಾಡುತ್ತದಾ ಅಂತ ಕಾದು ನೋಡಲು ಎಷ್ಟು ಪುರುಸೊತ್ತು ಬೇಕು, ಯೋಚನೆ ಮಾಡಿ!

ಕೇಂಬ್ರಿಜ್‌ನಲ್ಲಿ ಫ್ರೆಂಚ್, ಜರ್ಮನ್ ಓದಿದ. ಅಪ್ಪನ ಹಾಗೆ ಸರ್ಕಾರದ ಕೆಲಸಕ್ಕೆ ಹೊರದೇಶಕ್ಕೆ ಹೋಗುವ ಅಂದಾಜಿತ್ತು. ಅಷ್ಟರಲ್ಲಿ ಬ್ರಿಟನ್ನಿನ ವಸಾಹತುಗಳೇ ಖಾಲಿಯಾಗಿದ್ದವು ಅಂತ ಆತನೇ ಆಮೇಲೆ ತಮಾಷೆ ಮಾಡುತ್ತಿದ್ದ. ಸಾಮ್ರಾಜ್ಯ ಮುಳುಗಿದ್ದರಿಂದ ನಮಗಾದ ಲಾಭಗಳ ಪಟ್ಟಿಗೆ ಇದನ್ನೂ ಸೇರಿಸಬಹುದು.

1960ರಲ್ಲಿ ಎಡಿನ್‌ಬರೋ ಉತ್ಸವಕ್ಕೆಂದು ನಾಲ್ವರು ಹುಡುಗರು ಸೇರಿ 'ಬಿಯಾಂಡ್ ದ ಫ್ರಿಂಜ್' ಎಂಬ ಹಾಸ್ಯ ಪ್ರದರ್ಶನ ಮಾಡಿದರು. ಕುಕ್, ಡಡ್ಲಿ ಮೂರ್, ಅಲನ್ ಬೆನೆಟ್, ಜೊನಾಥನ್ ಮಿಲ್ಲರ್. ಮರುವರ್ಷ ಅದು ಲಂಡನ್ನಿಗೆ ಬಂತು, ಅಲ್ಲಿಂದ ನ್ಯೂಯಾರ್ಕಿಗೂ ಹೋಯಿತು. ಅದರಲ್ಲಿ ಕುಕ್ ಒಬ್ಬ ಗಣಿ ಕಾರ್ಮಿಕ. ತಾನು ಜಡ್ಜ್ ಆಗಬಹುದಿತ್ತು, ಆದರೆ ಲ್ಯಾಟಿನ್ ಬರಲಿಲ್ಲ ಎಂಬುದು ಅವನ ಕೊರಗು. ಗಣಿ ಕೆಲಸದ ಪರೀಕ್ಷೆ ಅಷ್ಟು ಕಷ್ಟವಿಲ್ಲ. ಒಂದೇ ಪ್ರಶ್ನೆ: "ನೀನು ಯಾರು?" ಅದರಲ್ಲಿ ತನಗೆ ನೂರಕ್ಕೆ 75 ಬಂತು ಅಂತ ಹೆಮ್ಮೆಯಿಂದ ಹೇಳುತ್ತಾನೆ. ಉಳಿದ 25 ಎಲ್ಲಿ ಹೋಯಿತೋ ಅಂತ ನಾನು ಇನ್ನೂ ಯೋಚಿಸುತ್ತಿದ್ದೇನೆ.

ಅದೇ ಪ್ರದರ್ಶನದಲ್ಲಿ ಆತ ಆಗಿನ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಅವರನ್ನು ಅಣಕಿಸುತ್ತಿದ್ದ. ಗದ್ದುಗೆಯ ಮೇಲಿರುವ ಪ್ರಧಾನಿಯನ್ನು ರಂಗದ ಮೇಲೆ ಹೀಗೆ ಆಡಿಕೊಳ್ಳುವುದು ಅಲ್ಲಿಯೂ ಆಗ ಹೊಸತು. ಒಂದು ರಾತ್ರಿ ಸ್ವತಃ ಮ್ಯಾಕ್‌ಮಿಲನ್ ಬಂದು ಪ್ರೇಕ್ಷಕರ ನಡುವೆ ಕೂತರು. ತಮಾಷೆಯನ್ನು ಸಹಿಸಿಕೊಳ್ಳಬಲ್ಲ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಆಸೆ ಇದ್ದಿರಬೇಕು. ಬೇರೆ ಯಾರೇ ಆಗಿದ್ದರೂ ಎರಡು ಸಾಲು ನುಂಗಿಕೊಳ್ಳುತ್ತಿದ್ದರು. ಕುಕ್ ಬರೆದದ್ದನ್ನು ಬದಿಗಿಟ್ಟ. ಮ್ಯಾಕ್‌ಮಿಲನ್ ದನಿಯಲ್ಲೇ ಶುರು ಮಾಡಿದ: ಬಿಡುವಾದ ಸಂಜೆ ಯಾವುದಾದರೂ ಥಿಯೇಟರಿಗೆ ಹೋಗಿ, ಬಿಸಿರಕ್ತದ ಹುಡುಗರು ವಿಡಂಬನೆ ಮಾಡುವುದನ್ನು ಕೇಳುತ್ತಾ, ಈ ಮುದಿ ಪೆದ್ದು ಮುಖದ ತುಂಬ ಹಲ್ಲು ಕಿರಿದುಕೊಂಡು ಕೂರುವುದೆಂದರೆ ನನಗೆ ಬಹಳ ಇಷ್ಟ. ಕೆಳಗೆ ಕೂತ ಮನುಷ್ಯ ಆ ಹೊತ್ತಿಗೆ ಮುಖವನ್ನು ಎಲ್ಲಿಡಬೇಕಿತ್ತು? ನಕ್ಕರೆ ಮಾತು ನಿಜ, ನಗದಿದ್ದರೆ ಸಣ್ಣ ಮನುಷ್ಯ. ವಿಡಂಬನೆ ಅಂದರೆ ಏನು ಅಂತ ನನ್ನನ್ನು ಕೇಳಿದರೆ ಇದೊಂದು ಸಂಜೆಯನ್ನು ತೋರಿಸಿ ಸುಮ್ಮನಾಗುತ್ತೇನೆ.

ಆಗ ಇಂಗ್ಲೆಂಡಿನಲ್ಲಿ ನಾಟಕದ ಮಾತುಗಳನ್ನು ಮೊದಲೇ ಅಧಿಕಾರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. 1968ರವರೆಗೂ ಈ ಕಾನೂನಿತ್ತು. ಸದಸ್ಯರಿಗೆ ಮಾತ್ರ ತೆರೆದ ಕ್ಲಬ್ಬಿಗೆ ಆ ಕಾಟವಿರಲಿಲ್ಲ. ಹಾಗಾಗಿ 1961ರಲ್ಲಿ ಕುಕ್ ಮತ್ತು ಗೆಳೆಯ ನಿಕೋಲಸ್ ಲೂಅರ್ಡ್ ಲಂಡನ್ನಿನ ಸೋಹೋದ ಗ್ರೀಕ್ ಸ್ಟ್ರೀಟಿನಲ್ಲಿ ಒಂದು ಕ್ಲಬ್ಬು ತೆರೆದೇಬಿಟ್ಟರು. ಹೆಸರು 'ದಿ ಎಸ್ಟಾಬ್ಲಿಷ್‌ಮೆಂಟ್', ಅಂದರೆ ದೊರೆಗಳ ಕೂಟ. ಇದಕ್ಕೆ ಮಾದರಿ ಬರ್ಲಿನ್ನಿನ ಹಳೆಯ ಹಾಸ್ಯ ಕ್ಲಬ್ಬುಗಳು ಅನ್ನುತ್ತಿದ್ದ ಕುಕ್, ಹಿಟ್ಲರನನ್ನು ತಡೆದು ಎರಡನೇ ಮಹಾಯುದ್ಧವನ್ನು ತಪ್ಪಿಸಿದ ಅದ್ಭುತ ಕ್ಲಬ್ಬುಗಳಲ್ಲವೇ ಅವು! ವಿಡಂಬನೆಯಿಂದ ಜಗತ್ತು ಉದ್ಧಾರವಾಗುತ್ತದೆ ಎಂಬ ಭ್ರಮೆ ಅವನಿಗೆ ಯಾವತ್ತೂ ಇರಲಿಲ್ಲ. ಮರುವರ್ಷ ಇಬ್ಬರೂ 'ಪ್ರೈವೇಟ್ ಐ' ಎಂಬ ವಿಡಂಬನೆಯ ಪತ್ರಿಕೆಯನ್ನೂ ಕೊಂಡರು. ಕ್ಲಬ್ಬು 1964ರಲ್ಲಿ ಬಾಗಿಲು ಹಾಕಿತು. ಪತ್ರಿಕೆ ಇವತ್ತಿಗೂ ದೊಡ್ಡವರ ನಿದ್ದೆ ಕೆಡಿಸುತ್ತಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಮೇಲಿನದು. 1965ರಲ್ಲಿ ಬಿಬಿಸಿಯಲ್ಲಿ ಡಡ್ಲಿ ಮೂರ್ ಜೊತೆ ಶುರುವಾದ 'ನಾಟ್ ಓನ್ಲಿ... ಬಟ್ ಆಲ್ಸೋ'. ಅದರಲ್ಲಿ ಪೀಟ್ ಮತ್ತು ಡಡ್ ಎಂಬ ಇಬ್ಬರು ಬರುತ್ತಾರೆ, ಚಪ್ಪಟೆ ಟೋಪಿ ಹಾಕಿಕೊಂಡು. ಇಬ್ಬರಿಗೂ ಏನೂ ಗೊತ್ತಿಲ್ಲ, ಆದರೆ ಪೀಟ್‌ಗೆ ಜಾಸ್ತಿ ಗೊತ್ತು ಅಂತ ಪೀಟ್ ಅಂದುಕೊಂಡಿದ್ದಾನೆ. ಒಂದು ಸಲ ಆರ್ಟ್ ಗ್ಯಾಲರಿಗೆ ಹೋಗಿ ಬೆಂಚಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಾರೆ. ಒಳ್ಳೆಯ ಚಿತ್ರವಾದರೆ ಅದರ ಕಣ್ಣು ನಾವು ಹೋದಲ್ಲೆಲ್ಲ ಹಿಂಬಾಲಿಸುತ್ತದೆ ಅನ್ನುತ್ತಾರಲ್ಲ, ಇವರು ಚಿತ್ರಕಾರ ರೂಬೆನ್ಸ್‌ನ ಬೆತ್ತಲೆ ಹೆಂಗಸರ ಕುಂಡಿಗಳಿಗೂ ಅದೇ ನಿಯಮ ಅನ್ವಯಿಸುತ್ತಾರೆ. ಮೂರ್ ಬಾಯಲ್ಲಿ ಸ್ಯಾಂಡ್‌ವಿಚ್ ತುಂಬಿಕೊಂಡಿರುವಾಗಲೇ ಕುಕ್ ಇನ್ನೇನೋ ಸೇರಿಸುತ್ತಾನೆ. ಮೂರ್ ನಗು ತಡೆಯಲಾರದೆ ಒದ್ದಾಡುತ್ತಾನೆ. ಕುಕ್ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಇದನ್ನು ಬರೆಯುತ್ತಿದ್ದ ರೀತಿಯೂ ಚೆನ್ನ. ಇಬ್ಬರೂ ಟೇಪ್ ರೆಕಾರ್ಡರ್ ಹಾಕಿಕೊಂಡು ಬಾಯಿಗೆ ಬಂದದ್ದು ಹರಟುವುದು, ಆಮೇಲೆ ಅದನ್ನು ತಿದ್ದಿ ಕಾಗದಕ್ಕಿಳಿಸುವುದು. ನಮ್ಮಲ್ಲೂ ದಿನಾ ಹರಟೆ ಆಗುತ್ತದೆ. ತಿದ್ದುವ ಕೆಲಸ ಒಂದು ಬಾಕಿ ಇದೆ ಅಷ್ಟೇ.

ಆ ಕಾರ್ಯಕ್ರಮದ ವಿಡಿಯೋ ಟೇಪುಗಳ ಗತಿ ಮಾತ್ರ ಹೊಟ್ಟೆ ಉರಿಸುವಂಥದ್ದು. ಆಗ ವಿಡಿಯೋ ಟೇಪು ದುಬಾರಿ. ಬಿಬಿಸಿಯವರು ಹಳೆಯದನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ದುಡ್ಡು ನಾವೇ ಕೊಡುತ್ತೇವೆ, ಅಳಿಸಬೇಡಿ ಅಂತ ಕುಕ್ ಮತ್ತು ಮೂರ್ ಕೇಳಿಕೊಂಡರು. ಆಗಲ್ಲ ಅಂದರು. ಬಹಳಷ್ಟು ಹೋಯಿತು.

ಮೂರ್ ಕೊನೆಗೆ ಹಾಲಿವುಡ್ಡಿಗೆ ಹೋಗಿ ಸ್ಟಾರ್ ಆದ. ಕುಕ್ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಉಳಿದ. ಪೇಪರು, ಟಿವಿ, ಫುಟ್ಬಾಲು, ಕುಡಿತ. ಇಷ್ಟು ಪ್ರತಿಭೆ ಇದ್ದೂ ಹಾಳು ಮಾಡಿಕೊಂಡ ಅಂತ ಬರೆದವರೇ ಎಲ್ಲ. ಕುಡಿತದ ವಿಷಯದಲ್ಲಿ ನಾನು ವಕಾಲತ್ತು ವಹಿಸಲಾರೆ. 1995ರ ಜನವರಿ 9ರಂದು 57ನೇ ವಯಸ್ಸಿಗೇ ಹೋದದ್ದು ಅದರಿಂದಲೇ. ಆದರೆ ಸೋಮಾರಿತನವನ್ನೂ ಅದೇ ಲೆಕ್ಕಕ್ಕೆ ಬರೆಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

1979ರ ಜೂನ್ ನೋಡಿ. ಲಿಬರಲ್ ಪಕ್ಷದ ಮಾಜಿ ನಾಯಕ ಜೆರೆಮಿ ಥಾರ್ಪ್ ಮೇಲೆ ಕೊಲೆ ಸಂಚಿನ ಕೇಸು. ಜಡ್ಜ್ ಸಾಹೇಬರು ಜ್ಯೂರಿಗೆ ಕೇಸನ್ನು ವಿವರಿಸುವಾಗ ಮುಖ್ಯ ಸಾಕ್ಷಿಯನ್ನೇ ಮೋಸಗಾರ, ಪರಾವಲಂಬಿ ಅಂತೆಲ್ಲ ಜಾಡಿಸಿದರು. ಥಾರ್ಪ್ ಖುಲಾಸೆ. ಅದೇ ತಿಂಗಳ ಕೊನೆಗೆ ಆಮ್ನೆಸ್ಟಿ ಸಂಸ್ಥೆಯ ಸಹಾಯಾರ್ಥ ಪ್ರದರ್ಶನವಿತ್ತು. ಕುಕ್ ಜಡ್ಜ್ ಆಗಿ ಕೂತ. ಅದೇ ಧಾಟಿಯಲ್ಲಿ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಉಗಿದ. ಕೊನೆಗೆ ಜ್ಯೂರಿಯವರಿಗೆ, ನೀವಿನ್ನು ಒಳಗೆ ಹೋಗಿ ನಿಮ್ಮ 'ನಿರಪರಾಧಿ' ಎಂಬ ತೀರ್ಪಿನ ಬಗ್ಗೆ ಚೆನ್ನಾಗಿ ಯೋಚಿಸಿ ಅಂದ. ಲ್ಯಾಟಿನ್ ಬಾರದೆ ಜಡ್ಜ್ ಆಗಲಾರದ ಗಣಿ ಕಾರ್ಮಿಕ ಅಂತೂ ಪೀಠ ಏರಿದ್ದ. ವರ್ಷಗಟ್ಟಲೆ ಸುಮ್ನೆ ಕೂತು ದೊಡ್ಡವರ ಮಾತನ್ನು ಕೇಳಿಸಿಕೊಳ್ಳದವನಿಗೆ ಇದು ಅಷ್ಟು ಬೇಗ ಬರುತ್ತಿತ್ತೇ?

ಹೆಸರು ಕುಕ್ ಆದ್ದರಿಂದ ಅಡುಗೆಯ ವಿಷಯ ಬಿಡಲಾಗದು. ಅವನ ಇನ್ನೊಂದು ಪಾತ್ರ ಸರ್ ಆರ್ಥರ್, ಯಾರೂ ಸುಳಿಯದ ಬಯಲಿನಲ್ಲಿ ಹೋಟೆಲು ಇಟ್ಟವನು. ಅಲ್ಲಿ ಸಿಗುವುದು ಎರಡೇ ತಿಂಡಿ. ಒಂದು ಪೀಚ್ ಹಣ್ಣಿನ ಜೊತೆ ಕಪ್ಪೆ, ಇನ್ನೊಂದು ಕಪ್ಪೆಯ ಜೊತೆ ಪೀಚ್. ಹೋಟೆಲು ನಡೆಯಲಿಲ್ಲ. ತಪ್ಪುಗಳಿಂದ ಕಲಿತಿರಾ ಅಂತ ಕೇಳಿದರೆ, ಓಹೋ, ಅವನ್ನೆಲ್ಲ ಚಾಚೂ ತಪ್ಪದೆ ಮತ್ತೆ ಮಾಡಬಲ್ಲೆ ಅನ್ನುತ್ತಾನೆ.

ಕೊನೆಯ ವರ್ಷಗಳಲ್ಲಿ ಲಂಡನ್ನಿನ ಒಂದು ರೇಡಿಯೋಗೆ ನಡುರಾತ್ರಿ ಫೋನ್ ಬರುತ್ತಿತ್ತು. ಸ್ವಿಸ್ ಕಾಟೇಜ್ ಬಡಾವಣೆಯ ಸ್ವೆನ್ ಅಂತೆ, ನಾರ್ವೆಯವನಂತೆ. ಹೆಂಡತಿ ಬಿಟ್ಟುಹೋಗಿದ್ದಾಳೆ. ತನ್ನ ದೇಶದ ರೇಡಿಯೋದಲ್ಲಿ ಬರೀ ಮೀನಿನ ಬಗ್ಗೆಯೇ ಮಾತು ಅಂತ ದೂರು, ಹಾಗೆ ದೂರುತ್ತಾ ತಾನೂ ಮೀನಿನ ಬಗ್ಗೆಯೇ ಮಾತು. ಅದು ಕುಕ್. ಸಂಭಾವನೆ ಇಲ್ಲ, ಚಪ್ಪಾಳೆ ಇಲ್ಲ, ಹೆಸರೂ ಇಲ್ಲ. ನಿದ್ದೆ ಬಾರದ ಎಲ್ಲರ ಹಾಗೆ ರಿಸೀವರು ಕಿವಿಗಿಟ್ಟುಕೊಂಡು ಸರದಿ ಕಾಯುವಾಗ ಏನು ಯೋಚಿಸುತ್ತಿದ್ದನೋ. ಮೀನಿನ ಬಗ್ಗೆಯೇ ಇರಬೇಕು.