ಸತ್ಯಾಂಶ: ಕುಡಿತ ಬಿಡುವವರ ಸಭೆಗೆ ಆಧಾರ್ ಬೇಕೇ?

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗೆ ಸೇರಲು ಆಧಾರ್ ಪ್ರತಿ ಮತ್ತು ಶುಲ್ಕ ಕೊಡಬೇಕು, ಕುಡಿತವನ್ನು ಪೂರ್ತಿ ಬಿಟ್ಟವರಿಗಷ್ಟೇ ಪ್ರವೇಶ ಎಂಬ ವಾಟ್ಸ್‌ಆ್ಯಪ್ ಸಂದೇಶ ಸುಳ್ಳು. ಹೆಸರು ಬಯಲಾದೀತೆಂದು ಮೊದಲೇ ಅಂಜುವವರನ್ನು ಇಂಥ ಮಾತು ಬಾಗಿಲಲ್ಲೇ ತಡೆಯುತ್ತದೆ ಎಂಬುದು ನೋವಿನ ಸಂಗತಿ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಆರಂಭವಾದ ಈ ಕೂಟಕ್ಕೆ ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಮಾತಾಡಲು ಮನಸ್ಸಿಲ್ಲದವರು ಸುಮ್ಮನೆ ಕುಳಿತು ಕೇಳಬಹುದು, ಸದಸ್ಯರು ಖರ್ಚಿಗೆಂದು ಸಂಗ್ರಹಿಸುವ ಕಾಣಿಕೆಗೆ ಹಣ ಹಾಕುವುದೂ ಕಡ್ಡಾಯವಲ್ಲ. ಮನೆಯವರಿಗೆ ಅಲ್-ಅನಾನ್ ಕೂಟಗಳು ಪ್ರತ್ಯೇಕವಾಗಿವೆ. ಹತ್ತಿರದ ಸಭೆಯ ವಿವರವನ್ನು ಸಂಸ್ಥೆಯ ಜಾಲತಾಣದಲ್ಲಿ ಇಲ್ಲವೇ ಆಸ್ಪತ್ರೆಯ ವ್ಯಸನಮುಕ್ತಿ ವಿಭಾಗದಲ್ಲಿ ವಿಚಾರಿಸಬಹುದು. ವ್ಯಸನಮುಕ್ತಿಗೆ 14446 ರಾಷ್ಟ್ರೀಯ ಉಚಿತ ಸಹಾಯವಾಣಿಯೂ ಇದೆ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದಾದ್ದರಿಂದ, ಅವರು ಮೊದಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಜಿಲ್ಲಾಸ್ಪತ್ರೆಯಲ್ಲೋ ಮನೋವೈದ್ಯರನ್ನು ಕಂಡು, ಚಿಕಿತ್ಸೆಯ ಜೊತೆಜೊತೆಗೇ ಸಭೆಗೆ ಹೋಗುವುದು ಒಳ್ಳೆಯದು.