17 ಇಂಚಿನ ಆಸೆ

ಟೈರಿನ ಪಕ್ಕೆಯಲ್ಲಿ 185/60 ಆರ್ 14 ಅಂತ ಬರೆದಿರುತ್ತಲ್ಲ, ಅದನ್ನು ಹುಟ್ಟಿಸಿದ ಪುಣ್ಯಾತ್ಮ ಒಂದೇ ಸಾಲಿಗೆ ಮೂರು ತರಹದ ಲೆಕ್ಕ ತುರುಕಿದ್ದಾನೆ. 185 ಅಗಲ, ಅದು ಮಿಲಿಮೀಟರಿನಲ್ಲಿ. 14 ರಿಮ್ಮಿನ ಅಳತೆ, ಅದು ಇಂಚಿನಲ್ಲಿ. ನಡುವಿನ 60 ಇದೆಯಲ್ಲ, ಅದು ಎರಡೂ ಅಲ್ಲ, ಪರ್ಸೆಂಟು! ಅಗಲದಲ್ಲಿ ನೂರಕ್ಕೆ ಅರವತ್ತರಷ್ಟು ಪಕ್ಕೆಯ ಎತ್ತರ. ಅಂದರೆ ನಡುವಿನ ನಂಬರ್ ಮುಟ್ಟದೆ ಬರೀ ಅಗಲ ಜಾಸ್ತಿ ಮಾಡಿದರೂ ಟೈರ್ ಸದ್ದಿಲ್ಲದೆ ಎತ್ತರ ಆಗಿಬಿಡುತ್ತದೆ.

ನನ್ನ ಭಾವಮೈದನಿಗೆ ಇದ್ಯಾವುದೂ ಬೇಕಿರಲಿಲ್ಲ. ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದಾನೆ, 1992ರ ಮಾಜ್ಡಾ ಮಿಯಾಟಾ ಇಟ್ಟುಕೊಂಡಿದ್ದಾನೆ. ಎರಡೇ ಸೀಟಿನ ಪುಟ್ಟ ಕಾರು. ಕಂಪನಿ ಕೊಟ್ಟ 14 ಇಂಚಿನ ವೀಲ್ ನೋಡಿ, "ಸ್ಕೂಟರ್ ಚಕ್ರ ಇದ್ದಂಗಿದೆ ಭಾವ" ಅಂತ ಅವನಿಗೆ ಒಂದೇ ಕೊರಗು. ಯಾರೋ ಮಾರುತ್ತಿದ್ದ 17 ಇಂಚಿನ ಅಲಾಯ್ ವೀಲ್, 215/45 ಟೈರ್ ಸಮೇತ, ಅಗ್ಗಕ್ಕೆ ಹೊಡೆದುಕೊಂಡು ಬಂದ. ನಟ್ಟುಗಳು ಸರಿಯಾಗಿ ಕೂತವು. ಅಷ್ಟಕ್ಕೇ ಸ್ವರ್ಗ ಸಿಕ್ಕಿದ ಹಾಗೆ ಕುಣಿದ.

ನಾನು ಫೋನ್ ತೆಗೆದು ಲೆಕ್ಕ ಹಾಕಿದೆ. ಹಳೇ ಟೈರಿನ ಒಟ್ಟು ಎತ್ತರ 578 ಮಿಲಿಮೀಟರ್, ಇದರದ್ದು 625. "ಎಂಟು ಪರ್ಸೆಂಟ್ ದೊಡ್ಡದು ಕಣೋ, ಮೀಟರ್ 60 ಮೈಲಿ ತೋರಿಸುವಾಗ ನೀನು 65ರಲ್ಲಿ ಓಡ್ತಿರ್ತೀಯ" ಅಂದೆ.

"ಒಳ್ಳೇದೇ ಅಲ್ವಾ, ಬೇಗ ತಲುಪ್ತೀವಿ" ಅಂದ.

ರಾಜ್ಯೋತ್ಸವದ ಊಟಕ್ಕೆ ನಮ್ಮ ಪಾಲಿನದು ಬಿಸಿಬೇಳೆಬಾತ್. ನನ್ನವಳು ಹೊಸ ಸೀರೆ ಉಟ್ಟು, ತೊಡೆ ಮೇಲೆ ಡಬರಿ ಇಟ್ಟುಕೊಂಡು, ತಮ್ಮನ ಕಾರಲ್ಲೇ ಬರ್ತೀನಿ ಅಂತ ಹೊರಟಳು. ಹಾಲ್ ಮುಂದೆ ಪಾರ್ಕಿಂಗಿಗೆ ತಿರುಗಿಸಲು ಇವನು ಸ್ಟೀರಿಂಗ್ ಪೂರ್ತಿ ಎಳೆದ, ಅದೇ ಹೊತ್ತಿಗೆ ಹಂಪ್ ಬಂತು, ಟೈರು ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕಿಗೆ ಗರ್‌ರ್ ಅಂತ ಉಜ್ಜಿತು, ಗಾಬರಿಯಲ್ಲಿ ಬ್ರೇಕ್ ಒತ್ತಿದ. ಹಿಂದಿನ ಕಾರಿನಲ್ಲಿದ್ದ ನನಗೆ ಕಂಡದ್ದು ಮೇಲೆದ್ದ ಮುಚ್ಚಳ ಮಾತ್ರ. ಇಳಿದು ಓಡಿ ನೋಡಿದರೆ ಗೇರ್ ಲಿವರಿನ ಸುತ್ತ ತುಪ್ಪ, ಬೇಳೆ, ಎರಡು ಗೋಡಂಬಿ.

"ಅಕ್ಕಾ, ಬಿಸಿ ಇತ್ತಾ?"

"ಕೆಳಗಿಳಿಯೋ, ಹೇಳ್ತೀನಿ."

ಹೈವೇಯಲ್ಲಿ ಸ್ಟೀರಿಂಗ್ ನಡುಗುತ್ತಿದ್ದದ್ದು ಬೇರೆ. ವೀಲಿನ ನಡುವಿನ ತೂತು 73.1 ಮಿಲಿಮೀಟರ್, ಆ ತೂತಿನೊಳಗೆ ಕೂರುವ ಕಾರಿನ ಹಬ್ (ಚಕ್ರದ ನಡುವಿನ ಗುಂಡು ಭಾಗ) 54.1. ಆ ಸಂದಿಗೆ ಒಂದು ರಿಂಗ್ ಬೇಕು, ತೀರಾ ಅಗ್ಗದ್ದು. ಅದನ್ನೇ ಹಾಕಿರಲಿಲ್ಲ.

ಈಗ 15 ಇಂಚಿನ ವೀಲ್, 195/50 ಟೈರ್. ಎತ್ತರ 576, ಹಳೆಯದಕ್ಕೂ ಇದಕ್ಕೂ ಎರಡು ಮಿಲಿಮೀಟರೂ ವ್ಯತ್ಯಾಸ ಇಲ್ಲ. ಇಷ್ಟು ಹಗುರ ಕಾರಿಗೆ ಇದಕ್ಕಿಂತ ದೊಡ್ಡದು ಸುಮ್ನೆ ಶೋಕಿ, ನನ್ನ ಕೇಳಿದರೆ. ಅವನು ಕೇಳಲ್ಲ, ಆ ಮಾತು ಬೇರೆ.

17 ಇಂಚಿನವನ್ನು ಮಾರಲು ಹಾಕಿದ. ಕೊಳ್ಳಲು ಬಂದ ಹುಡುಗನದೂ ಮಿಯಾಟಾನೇ. "ಸರಿಯಾಗಿ ಕೂರುತ್ತಾ?" ಅಂತ ಕೇಳಿದ. "ಪರ್ಫೆಕ್ಟ್ ಆಗಿ ಕೂತಿತ್ತು" ಅಂದ ನಮ್ಮವನು. ಕಾರು ನಿಂತಿದ್ದಾಗ ಅಂತ ಸೇರಿಸಲಿಲ್ಲ.