ಪಂಚರ ರುಜು, ಜ್ಯೂರಿಯ ಮಾತು

ಮಂಡ್ಯದ ನಾಲಾ ಬಯಲಿನ ನಮ್ಮೂರಿಗೆ ಪಂಚನಾಮೆಗಾಗಿ, ಅಂದರೆ ಪಂಚರೆಂಬ ಸ್ಥಳೀಯ ಸಾಕ್ಷಿಗಳೆದುರು ಕಂಡದ್ದನ್ನು ಬರೆದು ಅವರ ರುಜು ಪಡೆಯಲು, ಪೊಲೀಸರು ಬಂದರೆಂಬ ಸುದ್ದಿ ಹಬ್ಬಿದರೆ ಸಾಕು, ಹೋಟೆಲಿನ ಬೆಂಚು ಖಾಲಿಯಾಗುತ್ತಿತ್ತು. ನಮ್ಮ ತಂದೆಯವರೂ ಒಮ್ಮೆ ಅರ್ಧ ಕುಡಿದ ಕಾಫಿಯನ್ನು ಬಿಟ್ಟೆದ್ದು, ಕಬ್ಬಿನ ಗದ್ದೆಯ ಬದು ಹಿಡಿದು ಮನೆ ಸೇರಿದ್ದನ್ನು ಕಂಡಿದ್ದೇನೆ. ಒಂದು ರುಜು ಹಾಕಿದರೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕೆಂಬುದು ಅವರ ಲೆಕ್ಕ. ಅದು ತಪ್ಪೆಂದು ಈಗಲೂ ಹೇಳಲಾರೆ.

ಅಂಥ ಮನೆಯವನಾದ ನನಗೆ, ಅಮೆರಿಕದ ಪೌರತ್ವ ಪಡೆದ ಮೇಲೆ ಜ್ಯೂರಿಯಲ್ಲಿ, ಅಂದರೆ ಕೋರ್ಟಿನಲ್ಲಿ ವಿಚಾರಣೆ ಕೇಳಿ ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡದಲ್ಲಿ, ಕೂರಲು ಸಮನ್ಸ್ ಬಂದಾಗ, ಮೊದಲು ಹೊಳೆದದ್ದು ತಪ್ಪಿಸಿಕೊಳ್ಳುವ ದಾರಿಯೇ. ಅದು ಸಿಗಲಿಲ್ಲ. ಕಳವಿನ ಮೊಕದ್ದಮೆ, ಹನ್ನೆರಡು ಜನ. ಗಂಭೀರ ಅಪರಾಧಗಳಲ್ಲಿ ಜ್ಯೂರಿಯ ತೀರ್ಪು ಒಮ್ಮತದ್ದೇ ಆಗಿರಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು 2020ರಲ್ಲಿ ಎಲ್ಲ ರಾಜ್ಯಗಳಿಗೂ ಅನ್ವಯಿಸಿ ಹೇಳಿದೆ. ಹೀಗಾಗಿ, ಅಲ್ಲಿಯವರೆಗೆ ಬಾಯಿಬಿಡದೆ ಕೂತಿದ್ದ ಗ್ಯಾರೇಜಿನ ಮೆಕ್ಯಾನಿಕ್ ‘ಬೀಗ ಹಾಗೆ ಮುರಿಯುವುದಿಲ್ಲ’ ಎಂದಾಗ, ಕಾಲೇಜು ಮೇಷ್ಟರೂ ಸೇರಿದಂತೆ ಹನ್ನೊಂದು ಮಂದಿಯೂ ಫೋಟೋಗಳನ್ನು ಮತ್ತೆ ಹರಡಿ ನೋಡಲೇಬೇಕಾಯಿತು.

ಕೋರ್ಟಿನ ದಾಖಲೆಗಳನ್ನು ಮತದಾನದ ದಾಖಲೆಗಳೊಡನೆ ಹೋಲಿಸಿದ ಅಲ್ಲಿನ ಸಂಶೋಧಕರು, ಹಿಂದೆ ಅಪರೂಪಕ್ಕೆ ಮತ ಹಾಕುತ್ತಿದ್ದವರು ಕ್ರಿಮಿನಲ್ ಪ್ರಕರಣದಲ್ಲಿ ಚರ್ಚಿಸಿ ತೀರ್ಪು ಕೊಟ್ಟ ಬಳಿಕ ಹೆಚ್ಚಾಗಿ ಮತಗಟ್ಟೆಗೆ ಹೋದದ್ದನ್ನು ಗುರುತಿಸಿದ್ದಾರೆ. ನನಗಿದು ಸಹಜವೆನಿಸುತ್ತದೆ. ನಮ್ಮ ಗ್ರಾಮಸಭೆಗೆ ಊರಿನ ಮತದಾರರೆಲ್ಲರೂ ಸದಸ್ಯರೇ. ಆದರೂ ಮೈಕು ಹಿಡಿಯುವವರು ಪ್ರತಿ ಸಲವೂ ಅದೇ ನಾಲ್ವರು, ಏಕೆಂದರೆ ಬಾರದವನಿಗಾಗಿ ಅಲ್ಲಿ ಯಾರೂ ಕಾಯುವುದಿಲ್ಲ.

ಹಾಗೆಂದು ಭಾರತದಲ್ಲಿ ಹಿಂದೆ ಇದ್ದ ಜ್ಯೂರಿ ಮರಳಿ ಬರಲೆಂಬುದು ನನ್ನ ವಾದವಲ್ಲ. ನೌಕಾಪಡೆಯ ಅಧಿಕಾರಿಯೊಬ್ಬ ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ 1959ರ ನಾನಾವತಿ ಮೊಕದ್ದಮೆಯಲ್ಲಿ ಬೊಂಬಾಯಿಯ ಜ್ಯೂರಿ ಎಂಟಕ್ಕೆ ಒಂದರಂತೆ ಆರೋಪಿಯ ಪರ ನಿಂತಿತು, ಹೈಕೋರ್ಟು ಅದನ್ನು ತಳ್ಳಿಹಾಕಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಯಾರು ಯಾವ ಜಾತಿಯೆಂಬುದು ಬಾಯಿಪಾಠವಾಗಿರುವ ನಮ್ಮೂರಿನಲ್ಲಿ ಹನ್ನೆರಡು ಜನರನ್ನು ಆರಿಸುವುದೆಂದರೆ ನನಗೂ ಅಳುಕೇ. ಆದರೆ ಶೋಧದ ವೇಳೆ ಸ್ಥಳೀಯರಿಬ್ಬರನ್ನಾದರೂ ಕರೆಯಬೇಕೆನ್ನುವ, ಸಕಾರಣವಿಲ್ಲದೆ ಒಲ್ಲೆನೆಂದರೆ ಅಪರಾಧವೆನ್ನುವ ನಮ್ಮ ಕಾನೂನು ಅವರಿಂದ ಬಯಸುವುದು ಕಂಡದ್ದಕ್ಕೊಂದು ರುಜುವನ್ನು ಮಾತ್ರ, ನಿಮಗೇನನ್ನಿಸಿತೆಂದು ಕೇಳುವವರಿಲ್ಲ.

ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ತಂದೆಯವರು ತೀರ್ಪೇನಾಯಿತೆಂದು ವಿಚಾರಿಸಲಿಲ್ಲ. ‘ಅಷ್ಟೊಂದು ಓದ್ದೋರು ಆ ಗ್ಯಾರೇಜ್‌ನೋನ ಮಾತ ಕೇಳುದ್ರಾ?’ ಎಂದರು.